ಬಿಳಿಸೆರಗು, ತುರಿಕೆ ಮತ್ತು ಗರ್ಭಿಣಿಯರ ಆರೈಕೆ: ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯ ಉಪನ್ಯಾಸ



ಹಿಂಡಿದ ಕಬ್ಬಿನ ಹಾಲನ್ನು ಕಾಯಿಸದೆ ರಾತ್ರಿಯಿಡೀ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ನೊರೆಗಟ್ಟಿ ಹುಳಿಯಾಗುತ್ತದೆ ಎಂಬುದು ಮಂಡ್ಯದ ಆಲೆಮನೆಗಳಲ್ಲಿ ಎಲ್ಲರೂ ಬಲ್ಲ ಸಂಗತಿ. ಯೀಸ್ಟ್ ಎಂಬ ಸೂಕ್ಷ್ಮ ಶಿಲೀಂಧ್ರವು ಸಕ್ಕರೆಯನ್ನುಂಡು ಬೆಳೆದುದರ ಫಲವದು. ಇದೇ ಬಗೆಯ ಕ್ಯಾಂಡಿಡಾ ಎಂಬ ಶಿಲೀಂಧ್ರವು ಆರೋಗ್ಯವಂತ ಸ್ತ್ರೀಯರ ಯೋನಿಯಲ್ಲಿಯೂ ಅಲ್ಪ ಪ್ರಮಾಣದಲ್ಲಿ ಇರಬಹುದು. ಅಲ್ಲಿಯ ಉಪಕಾರಿ ಬ್ಯಾಕ್ಟೀರಿಯಾಗಳು ಅದನ್ನು ಹತೋಟಿಯಲ್ಲಿಡುತ್ತವೆ. ಹತೋಟಿ ತಪ್ಪಿದಾಗ ತೀವ್ರ ತುರಿಕೆ, ಉರಿ ಹಾಗೂ ಒಡೆದ ಮೊಸರಿನಂಥ ಬಿಳಿಸ್ರಾವ ಕಾಣಿಸಿಕೊಳ್ಳುತ್ತವೆ. ನಾಲ್ವರು ಸ್ತ್ರೀಯರಲ್ಲಿ ಸುಮಾರು ಮೂವರಿಗೆ ಜೀವಿತದಲ್ಲಿ ಒಮ್ಮೆಯಾದರೂ ಬರುವ ತೊಂದರೆಯಿದು.

ಹೀಗಿದ್ದರೂ ಇದನ್ನು ಹೇಳಿಕೊಳ್ಳುವವರು ವಿರಳ. ಹೇಳಿಕೊಂಡರೂ 'ಮೈಯಲ್ಲಿ ಉಷ್ಣ' ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿಯುತ್ತದೆ. ಮದ್ದೂರಿನ ಮಾರುಕಟ್ಟೆಯಿಂದ ದೇಶದ ನಾನಾ ಕಡೆ ಹೋಗುವ ಎಳನೀರು ಒಳ್ಳೆಯ ಪಾನೀಯವೇ ಸರಿ, ಆದರೆ ಅದು ಶಿಲೀಂಧ್ರವನ್ನು ಕೊಲ್ಲಲಾರದು. ಇದಕ್ಕಿಂತ ಕೆಟ್ಟದ್ದು, ಹೆಂಡತಿಯ ನಡತೆಯ ಮೇಲೆ ಬೀಳುವ ಅನುಮಾನ. ಕ್ಯಾಂಡಿಡಾ ಸೋಂಕನ್ನು ಲೈಂಗಿಕ ರೋಗವೆಂದು ಪರಿಗಣಿಸುವುದಿಲ್ಲ, ಅವಿವಾಹಿತೆಯರಿಗೂ ಅದು ಬರುತ್ತದೆ. ಕೊಳಕಿನ ಗುರುತೂ ಅದಲ್ಲ. ಕೊಳಕೆಂದು ಭಾವಿಸಿ ಯೋನಿಯ ಒಳಭಾಗವನ್ನು ಸಾಬೂನು ಅಥವಾ ಡೆಟಾಲಿನಿಂದ ತೊಳೆದರೆ ಉಪಕಾರಿ ಬ್ಯಾಕ್ಟೀರಿಯಾಗಳೇ ನಾಶವಾಗಿ ತೊಂದರೆ ಹೆಚ್ಚುತ್ತದೆ. ಹೊರಭಾಗವನ್ನು ಶುದ್ಧ ನೀರಿನಿಂದ ತೊಳೆದು ಒರೆಸಿಕೊಂಡರೆ ಸಾಕು.

ಗರ್ಭಾವಸ್ಥೆಯಲ್ಲಿ ಈ ಸೋಂಕು ಹೆಚ್ಚು. ಈಸ್ಟ್ರೋಜೆನ್ ಹಾರ್ಮೋನು ಏರಿದಂತೆ ಯೋನಿಯ ಜೀವಕೋಶಗಳಲ್ಲಿ ಗ್ಲೈಕೋಜೆನ್ ಎಂಬ ಸಕ್ಕರೆಯ ಸಂಗ್ರಹ ಹೆಚ್ಚುತ್ತದೆ. ಕಬ್ಬಿನ ಹಾಲಿನ ಕಥೆಯೇ ಇಲ್ಲಿಯೂ ನಡೆಯುತ್ತದೆ. ಗರ್ಭದಲ್ಲಿರುವ ಶಿಶುವಿಗೆ ಇದರಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಅಪಾಯವಿರುವುದು ಅಂಗಡಿಯಿಂದ ತಂದು ನುಂಗುವ ಮಾತ್ರೆಯಲ್ಲಿ. ಇತರರಿಗೆ ಕೊಡುವ ಫ್ಲುಕೊನಜೋಲ್ ಮಾತ್ರೆಯನ್ನು ಗರ್ಭಿಣಿಯರು, ಅದರಲ್ಲಿಯೂ ಮೊದಲ ಮೂರು ತಿಂಗಳಲ್ಲಿ, ಸ್ವಂತವಾಗಿ ಸೇವಿಸಕೂಡದು. ಅವರಿಗೆ ವೈದ್ಯರು ಸಾಮಾನ್ಯವಾಗಿ ಯೋನಿಯೊಳಗೆ ಇಡುವ ಕ್ಲೋಟ್ರಿಮಜೋಲ್ ಔಷಧವನ್ನು 7 ದಿನ ಬಳಸಲು ಸೂಚಿಸುತ್ತಾರೆ. ತುರಿಕೆ ನಿಂತಿತೆಂದು ಮೂರನೆಯ ದಿನಕ್ಕೇ ಬಿಡಬಾರದು. ಗರ್ಭಿಣಿಯರಲ್ಲಿ ತುರಿಕೆಯಿಲ್ಲದ, ದುರ್ವಾಸನೆಯಿಲ್ಲದ ತೆಳು ಬಿಳಿಸ್ರಾವ ಸಹಜವಾದದ್ದು, ಅದಕ್ಕೆ ಔಷಧ ಬೇಡ.

ದುರ್ವಾಸನೆ, ಹಸಿರು ಬಣ್ಣದ ಸ್ರಾವ, ಕೆಳಹೊಟ್ಟೆ ನೋವು ಅಥವಾ ಜ್ವರವಿದ್ದರೆ ಕಾರಣ ಬೇರೆ, ಪರೀಕ್ಷೆ ಅಗತ್ಯ. ಗರ್ಭಿಣಿಗೆ ರಕ್ತ ಕಾಣಿಸಿದರೆ ಅಥವಾ ನೀರು ಹರಿದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಸೋಂಕು ವರ್ಷಕ್ಕೆ ಮೂರು ನಾಲ್ಕು ಬಾರಿ ಮರುಕಳಿಸುತ್ತಿದ್ದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಬೇಕು, ಏಕೆಂದರೆ ಹತೋಟಿಯಿಲ್ಲದ ಮಧುಮೇಹವೂ, ಪದೇ ಪದೇ ಸೇವಿಸುವ ಆ್ಯಂಟಿಬಯಾಟಿಕ್ ಔಷಧವೂ ಇದಕ್ಕೆ ದಾರಿ ಮಾಡುತ್ತವೆ.

ಪಂಚಾಯತಿಗೆ ಇದರಲ್ಲೇನು ಕೆಲಸ ಎಂಬ ಪ್ರಶ್ನೆ ಬರುವುದು ಸಹಜ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನಾಟಿಗೆ ಇಳಿದ ಹೆಂಗಸರು ಒದ್ದೆ ಬಟ್ಟೆಯಲ್ಲೇ ದಿನ ಕಳೆಯುತ್ತಾರೆ. ಮಳವಳ್ಳಿ ಕಡೆಯ ಕೊನೆಭಾಗದ ಊರುಗಳಲ್ಲಿ ನೀರಿನದೇ ಅಭಾವ. ತೇವ ಮತ್ತು ಬಿಗಿಯಾದ ಬಟ್ಟೆ ಶಿಲೀಂಧ್ರಕ್ಕೆ ಅನುಕೂಲ. ಹತ್ತಿಯ ಒಳಉಡುಪು ಧರಿಸಿ, ಒಗೆದದ್ದನ್ನು ಬಿಸಿಲಿನಲ್ಲಿ ಒಣಗಿಸುವುದು ಉತ್ತಮ. ಆದರೆ ನಾಚಿಕೆಯಿಂದ ಆ ಬಟ್ಟೆ ಕತ್ತಲೆಯ ಮೂಲೆಯನ್ನೇ ಸೇರುತ್ತದೆ. ನೈರ್ಮಲ್ಯಕ್ಕೆ ಮೀಸಲಾದ ಅನುದಾನದಲ್ಲಿ ಸಮುದಾಯ ಶೌಚಾಲಯ ಕಟ್ಟುವಾಗ ಮರೆಯಿರುವ, ಬಿಸಿಲು ಬೀಳುವ ಒಂದು ಒಣಹಾಕುವ ಜಾಗವನ್ನೂ ಬಟ್ಟೆ ಬದಲಿಸುವ ಕೋಣೆಯನ್ನೂ ನಕ್ಷೆಯಲ್ಲಿ ಸೇರಿಸಿದರೆ ತಗಲುವ ವೆಚ್ಚ ಅಲ್ಪ. ನಕ್ಷೆ ಮಂಜೂರಾದ ಮೇಲೆ ಸೇರಿಸುವುದು ಕಷ್ಟ.

ಮಹಿಳಾ ಗ್ರಾಮಸಭೆಯಲ್ಲಿ ಆಶಾ ಕಾರ್ಯಕರ್ತೆಯರಿಗೆ ಈ ವಿಷಯ ಮಾತನಾಡಲು ಅರ್ಧ ಗಂಟೆ ಮೀಸಲಿಡಬಹುದು. ಪುರುಷ ಸದಸ್ಯರು ಅಷ್ಟು ಹೊತ್ತು ಹೊರಗಿದ್ದರೂ ನಷ್ಟವಿಲ್ಲ, ಆದರೆ ಅನುಮಾನದ ಮಾತನ್ನು ತಮ್ಮ ಬೀದಿಯ ಗಂಡಸರಿಗೆ ತಿಳಿಹೇಳುವ ಹೊಣೆ ಅವರದೇ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. 8ರಂದು ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿಯ ಧ್ವನಿವರ್ಧಕದಲ್ಲಿಯೇ ಇದನ್ನು ಪ್ರಕಟಿಸಬಹುದು. ಅನೇಕ ಕಡೆ ಆ ವಾಹನ ನಡೆಸುವವರು ಮಹಿಳೆಯರೇ ಆಗಿರುವುದರಿಂದ, ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ ತುರಿಕೆಯಿದ್ದರೆ ಅದನ್ನೂ ವೈದ್ಯರಿಗೆ ಹೇಳಿ ಎಂಬ ಒಂದು ವಾಕ್ಯವನ್ನು ಅವರ ಧ್ವನಿಯಲ್ಲಿಯೇ ಮುದ್ರಿಸಿಕೊಳ್ಳುವುದು ಸೂಕ್ತ.