ಗಂಜಿ ಕುಡಿದವರು ಯಾರು, ಹಗೇವು ಮುಚ್ಚಿದವರು ಯಾರು?

(ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ಕವಿತೆ ಓದಲು ಕರೆದಿದ್ದೀರಿ. ಆಮೇಲೆ ಓದತೀನಿ. ಅದಕ್ಕೂ ಮೊದಲು ಒಂದು ಹಳೇ ಬಾಕಿ ತೀರಿಸಬೇಕು.

ನಾನು ಓದುವಾಗ ಇದ್ದ ಹಾಸ್ಟೆಲಿನ ಮೆಸ್ಸಿನಲ್ಲಿ ಒಬ್ಬ ಕ್ರಿಶ್ಚಿಯನ್ ಹುಡುಗ ಗೆಳೆಯನ ಗಂಗಾಳದಲ್ಲೇ ಕೈಯಿಟ್ಟು ಉಣ್ಣುತ್ತಿದ್ದ. ನಮ್ಮ ಕೇರಿಯಂಥದೇ ಕೇರಿಯಿಂದ ಬಂದವ. ಒಂದು ರಾತ್ರಿ ನಮ್ಮವನೇ ಒಬ್ಬ ಅಂದ: "ನಿಮ್ಮ ಮುತ್ತ್ಯಾ ಗಂಜಿಗೆ ಜಾತಿ ಬಿಟ್ಟ, ನೀ ರೊಟ್ಟಿಗೆ ಬಂದಿ." ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಗಂಜಿ ಯಾವುದು, ಕೇಳ್ರಿ. 1876ರಲ್ಲಿ ಮಳೆ ಹೋಯಿತು, 1878ರ ತನಕ ಬರ. ಆಗ ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನ, ಲಕ್ಷ್ಮೇಶ್ವರ ಮಿರಜ ಸಂಸ್ಥಾನ. ದೊರೆಗಳು ಬೇರೆ ಬೇರೆ, ಹಸಿವು ಒಂದೇ. ಗದಗಿಗೆ ರೈಲು ಬಂದದ್ದು 1884ರಲ್ಲಿ. ಅಲ್ಲೀತನಕ ಹೊರಗಿನ ಕಾಳು ಬರಬೇಕಂದ್ರ ಎತ್ತಿನ ಗಾಡಿ. ಮೇವಿಲ್ಲದೆ ಎತ್ತು ಬಿದ್ದ ಮ್ಯಾಲೆ ಗಾಡಿ ಎಳೆಯುವವರಾರು? 1877ರ ಜನವರಿ 1ಕ್ಕೆ ವೈಸರಾಯ್ ಲಿಟ್ಟನ್ ದಿಲ್ಲಿಯಲ್ಲಿ ರಾಣಿಯನ್ನು ಚಕ್ರವರ್ತಿನಿ ಅಂತ ಸಾರುವ ದರ್ಬಾರು ನಡೆಸಿದ. ಅದೇ ತಿಂಗಳು ಅವನು ಕಳಿಸಿದ ರಿಚರ್ಡ್ ಟೆಂಪಲ್ ಬರಗಾಲದ ಕೂಲಿಯನ್ನು ಕತ್ತರಿಸಿದ. ದಿನಕ್ಕೆ ಒಂದು ಪೌಂಡ್ ಕಾಳಿನ ಬೆಲೆ, ಮ್ಯಾಲೆ ಚೂರು ಚಿಲ್ಲರೆ. ಪೌಂಡು ಅಂದ್ರ ಅರ್ಧ ಕಿಲೋಕ್ಕೂ ಕಡಿಮೆ. ದಿನವಿಡೀ ಕಲ್ಲು ಒಡೆದವನಿಗೆ ಅಷ್ಟು. ದಖ್ಖನ ಮತ್ತು ದಕ್ಷಿಣದಲ್ಲಿ ಸತ್ತವರು 50 ಲಕ್ಷಕ್ಕೂ ಹೆಚ್ಚು. ಅದೇ ಹೊತ್ತಿಗೆ ಈ ದೇಶದ ಗೋದಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು.

ಇನ್ನು ನಮ್ಮ ಕಡೆಯ ಹಗೇವು. ನೆಲದೊಳಗೆ ಜೋಳ ವರ್ಷಗಟ್ಟಲೆ ಕೆಡದೆ ಇರತದ. ಆ ಹಗೇವು ತೋಡಿದ ಕೈ ಯಾರದು? ಅದರ ಬಾಯಿ ಯಾವಾಗ ತೆಗೀಬೇಕು ಅಂತ ಹೇಳೋ ಅಧಿಕಾರ ಯಾರದು? ದರ ಏರಲಿ ಅಂತ ಮುಚ್ಚಿಟ್ಟವನನ್ನು ಯಾರೂ ಹಂಗಿಸಲಿಲ್ಲ. ಕುಡಿದವನ ಮೊಮ್ಮಕ್ಕಳಿಗೆ ಇನ್ನೂ ಹಂಗು.

ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ 1837ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದಿದ್ದರು. ಬರದಲ್ಲಿ ಈ ಸೀಮೆಯ ಅವರ ಠಾಣೆಗಳು ಹಸಿದವರಿಗೆ ನೆರವಾದವು, ತಾಯಿತಂದೆ ಸತ್ತ ಮಕ್ಕಳನ್ನು ಸಾಕಿದವು. ಅವರ ಮನಸ್ಸಿನಲ್ಲಿ ದೀಕ್ಷಾಸ್ನಾನದ ಲೆಕ್ಕವೂ ಇತ್ತು, ಅದನ್ನು ನಾನು ಮುಚ್ಚುವುದಿಲ್ಲ. ಆದರೆ ಆ ಮಿಷನ್ನಿನ ರೊಕ್ಕದಲ್ಲಿ ಒಂದು ಪಾಲು ಎಲ್ಲಿಂದ ಬಂತು ನೋಡ್ರಿ. 1850ರ ದಶಕದಿಂದ ಸ್ವಿಟ್ಜರ್ಲೆಂಡ್, ಜರ್ಮನಿಯ ಊರುಗಳಲ್ಲಿ 'ಅರ್ಧ ಬಾತ್ಸೆನ್' ವಂತಿಗೆ ಅಂತ ಎತ್ತುತ್ತಿದ್ದರು. ಬಾತ್ಸೆನ್ ಅಂದ್ರ ಅಲ್ಲಿಯ ಸಣ್ಣ ನಾಣ್ಯ. ಅದರಲ್ಲೂ ಅರ್ಧ, ವಾರಕ್ಕೊಮ್ಮೆ. ಮನೆಗೆಲಸದ ಹೆಣ್ಣುಮಕ್ಕಳು, ಸಣ್ಣ ಒಕ್ಕಲಿಗರು ಕೂಡ ಕೊಡಬಹುದಾದಷ್ಟು. ನಮ್ಮ ಮುತ್ತ್ಯಾನ ಗಂಜಿಯಲ್ಲಿ ಯಾವಳೋ ಕಸ ಹೊಡೆಯುವವಳ ಕಾಸೂ ಇದ್ದೀತು. ದೊಡ್ಡವರ ದಾನಕ್ಕೆ ತಲೆ ಬಾಗೋದು ಬ್ಯಾಡ, ಸರಿ. ಈಕೆಯ ಕಾಸಿಗೆ ಏನನ್ನೋಣ?

ಬೈಬಲ್ಲಿನಲ್ಲೂ ಇಂಥದೇ ಒಂದು ಸಂಗತಿ ಅದ. ಕ್ಲೌದಿಯ ಚಕ್ರವರ್ತಿಯ ಕಾಲದಲ್ಲಿ ಬರ ಬಿದ್ದಾಗ ಅಂತಿಯೋಕ್ಯದ ಶಿಷ್ಯರು ಯೂದಾಯದವರಿಗೆ ಕೈಲಾದಷ್ಟು ಕಳಿಸಿದರು. ಮುಂದೆ ಮಕೆದೋನ್ಯದವರು, ತಾವೇ ಕಡುಬಡವರು, ನಮ್ಮದೂ ತಗೊಳ್ರಿ ಅಂತ ಪೌಲನ ಬೆನ್ನು ಹತ್ತಿದರು. ಕೊರಿಂಥದವರಿಗೆ ಬರೆಯುವಾಗ ಪೌಲ ಸಮಾನತ್ವದ ಮಾತು ಎತ್ತುತ್ತಾನೆ. ಇವತ್ತು ನಿಮ್ಮಲ್ಲಿ ಹೆಚ್ಚಿದ್ದದ್ದು ಅವರ ಕೊರತೆಗೆ, ನಾಳೆ ಅವರ ಹೆಚ್ಚಿನದು ನಿಮ್ಮ ಕೊರತೆಗೆ, ಅನ್ನುವ ಅರ್ಥ. ಅದೇ ಕೊರಿಂಥದಲ್ಲಿ ಉಳ್ಳವರು ತಮ್ಮ ಬುತ್ತಿ ಮೊದಲೇ ತಿಂದು ಮುಗಿಸಿ, ಬಡವರು ಬರಿ ಹೊಟ್ಟೆಯಲ್ಲಿ ಕುಂತಾಗ ಅವನು ಬೈದದ್ದೂ ಉಂಟು. ಪಂಕ್ತಿಭೇದ ನಮ್ಮ ದೇಶದ್ದು ಅಷ್ಟೇ ಅಂತ ತಿಳಿದಿದ್ದೆ. ಚರ್ಚಿನವರೂ ಆ ಬೈಗುಳ ಪೂರಾ ಕೇಳಿಸಿಕೊಂಡಿಲ್ಲ ಬಿಡ್ರಿ. ತಮಿಳುನಾಡಿನ ಕೆಲವು ಕಡೆ ದಲಿತ ಕ್ರೈಸ್ತರಿಗೆ ಸ್ಮಶಾನವೂ ಬೇರೆ.

ಸರಕಾರದ್ದೋ ಇನ್ನೊಂದು ತರ್ಕ. 1950ರ ಆದೇಶದ ಪಟ್ಟಿಯಲ್ಲಿ 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಜಾಗ ಸಿಕ್ಕಿತು. ಕ್ರೈಸ್ತನಾದ ದಲಿತನಿಗೆ ಇಲ್ಲ. ಊರಿಗೆ ಅವನು ಕೇರಿಯವನೇ, ಕಾಗದದಲ್ಲಿ ಮಾತ್ರ ಅಲ್ಲ. ಆ ಕಾಗದವನ್ನೇ ನಾವು ನಮ್ಮ ಗಂಗಾಳದ ಪಕ್ಕ ಇಟ್ಟುಕೊಂಡು ನಕ್ಕೆವು.

ಆ ಹುಡುಗ ಮರುದಿನದಿಂದ ಮೆಸ್ಸಿಗೆ ಬರಲಿಲ್ಲ. ಪರೀಕ್ಷೆಗೂ ಬರಲಿಲ್ಲ. ನಾನು ಹುಡುಕಿಕೊಂಡೂ ಹೋಗಲಿಲ್ಲ.

ಪಟ್ಟಿಯಲ್ಲಿ ಹೆಸರಿಲ್ಲದೆ ಗೆಳೆಯನ ಹಾಸಿಗೆಯಲ್ಲಿ ಮಲಗುವವರು ನಿಮ್ಮ ಖೋಲಿಗಳಲ್ಲೂ ಇದ್ದಾರೆ, ನನಗ ಗೊತ್ತು. ವಾರ್ಡನ್ನರಿಗೆ ಹೇಳೂದಿಲ್ಲ. ಒಂದೊಂದು ಖೋಲಿಯಿಂದ ಒಂದೊಂದು ರೊಟ್ಟಿ ತೆಗೆದಿಟ್ಟರೆ ಸಾಕು. ಕದ್ದು ಕೊಡಬ್ಯಾಡ್ರಿ, ಕಡೇಗೆ ಕೊಡಬ್ಯಾಡ್ರಿ. ಅವನಿಗೊಂದು ಗಂಗಾಳ ಬೇರೆ ಹಾಕಿ, ನಿಮ್ಮ ಸಾಲಿನ ನಡುವೆ ಕೂರಿಸಿ ಬಡಿಸ್ರಿ.

ಈಗ ಕವಿತೆ ಓದತೀನಿ.