ಸಣ್ಣ ಸರಕುಬಂಡಿಯ ಏಳುಬೀಳು

ನಮ್ಮ ಮಂಗಳೂರಿನಲ್ಲಿ ಸರಕು ಹೊರುವ ಸಣ್ಣ ವಾಹನ ಯಾವುದೇ ಇರಲಿ, ಜನ ಅದನ್ನು ‘ಟೆಂಪೋ’ ಎಂದು ಕರೆಯುವುದುಂಟು. ಮನೆ ಬದಲಾಯಿಸುವವರೂ, ಮದುವೆಗೆ ಪಾತ್ರೆಪಡಗ ತರಿಸುವವರೂ, ನಾಲ್ಕು ಚೀಲ ಸಿಮೆಂಟು ಬೇಕಾದವರೂ ‘ಒಂದು ಟೆಂಪೋ ಹೇಳಿ’ ಎನ್ನುತ್ತಾರೆ. ನಾನು ಕನ್ನಡ ಕಲಿಸುವ ಉಪಾಧ್ಯಾಯ. ಆದುದರಿಂದ ಬಂಡಿಯ ವಿಚಾರವನ್ನೂ ಶಬ್ದದಿಂದಲೇ ಆರಂಭಿಸುತ್ತೇನೆ. ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ನಾಮಪದದ ಮೂರು ಬಗೆಗಳನ್ನು ನಮ್ಮ ವ್ಯಾಕರಣ ಹೇಳುತ್ತದೆ. ‘ಟೆಂಪೋ’ ಎಂಬುದು ಅಂಕಿತನಾಮವಾಗಿ ಹುಟ್ಟಿ ರೂಢನಾಮವಾಗಿ ಬೆಳೆದ ಮಾತು. ಜರ್ಮನಿಯ ಹ್ಯಾಂಬರ್ಗಿನ ವಿಡಾಲ್ ಎಂಬ ಕಂಪನಿ ತಾನು ಮಾಡುವ ಬಂಡಿಗಳಿಗೆ ಇಟ್ಟ ಹೆಸರು ಅದು. 1958ರಲ್ಲಿ ಆ ಕಂಪನಿಯ ಸಹಕಾರದಿಂದ ನಮ್ಮ ದೇಶದಲ್ಲಿ ಬಜಾಜ್ ಟೆಂಪೋ ಕಂಪನಿ ಸ್ಥಾಪನೆಯಾಯಿತು. ಮುಂದೆ ಒಂದೇ ಚಕ್ರ, ಆ ಚಕ್ರದ ಮೇಲೆಯೇ ಎಂಜಿನು, ಹಿಂದೆ ಸಾಮಾನಿನ ತೊಟ್ಟಿ. ಈ ಮೂರು ಚಕ್ರದ ಬಂಡಿಯನ್ನು ನಡುವಯಸ್ಸು ದಾಟಿದ ಶ್ರೋತೃಗಳು ಮರೆತಿರಲಾರರು. ಬಂಡಿ ರಸ್ತೆಯಿಂದ ಮರೆಯಾಯಿತು. ಹೆಸರು ಮಾತ್ರ ಬಾಯಲ್ಲಿ ನಿಂತಿತು.

ಇಂತಹ ಸಣ್ಣ ಬಂಡಿ ನಮ್ಮ ಊರಿಗೆ ಏಕೆ ಬೇಕು ಎಂದು ಕೇಳಬಹುದು. ಬಂದರಿನ ಓಣಿಗಳಲ್ಲಿ ಒಮ್ಮೆ ನಡೆದು ನೋಡಿದರೆ ಉತ್ತರ ದೊರೆಯುತ್ತದೆ. ಅಲ್ಲಿಯ ಬಂಡಸಾಲೆಗಳು ಎತ್ತಿನ ಗಾಡಿಯ ಕಾಲದವು. ಬೀದಿಗಳ ಅಗಲವೂ ಎತ್ತಿನ ಗಾಡಿಯ ಲೆಕ್ಕದ್ದೇ. ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳಿಗೆ ತರಕಾರಿ, ದಿನಸಿ, ಮನೆ ಕಟ್ಟುವ ಸಾಮಗ್ರಿ ತಲಪಬೇಕಾದುದು ಈ ಓಣಿಗಳ ಮೂಲಕವೇ. ದಕ್ಕೆಯಿಂದ ಮೀನಿನ ಪೆಟ್ಟಿಗೆಗಳು ಬಿಸಿಲೇರುವ ಮೊದಲೇ ಸುತ್ತಣ ಪೇಟೆಗಳನ್ನು ಮುಟ್ಟಬೇಕು. ಊರು ದಾಟಿ ಒಳನಾಡಿಗೆ ಹೋದರೆ ಮನೆಗಳು ಒತ್ತಾಗಿ ಒಂದೆಡೆ ಇಲ್ಲ. ಗುಡ್ಡದ ಮೇಲೊಂದು, ಬೈಲಿನಾಚೆ ಇನ್ನೊಂದು. ತೋಟದ ಅಂಚಿನ ಇಕ್ಕಟ್ಟಾದ ಹಾದಿಯಲ್ಲಿ ಕೆಂಪುಕಲ್ಲಾಗಲಿ ಗೊಬ್ಬರವಾಗಲಿ ಹೋಗಬೇಕಾದರೆ ದೊಡ್ಡ ಲಾರಿ ಡಾಮರು ರಸ್ತೆಯಲ್ಲಿಯೇ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ತಲೆಹೊರೆ, ಇಲ್ಲವೇ ಸಣ್ಣ ಬಂಡಿ.

ಈ ಕೊರತೆಯನ್ನು ಅರಿತು 2005ರಲ್ಲಿ ಟಾಟಾ ಕಂಪನಿ ‘ಏಸ್’ ಎಂಬ ನಾಲ್ಕು ಚಕ್ರದ ಪುಟ್ಟ ಬಂಡಿಯನ್ನು ಹೊರತಂದಿತು. ಎರಡು ಸಿಲಿಂಡರಿನ ಚಿಕ್ಕ ಡೀಸೆಲ್ ಎಂಜಿನು, ಮುಕ್ಕಾಲು ಟನ್ ಹೊರೆ, ಮೂರು ಮುಕ್ಕಾಲು ಮೀಟರಿಗಿಂತ ತುಸು ಹೆಚ್ಚು ಉದ್ದ, ಒಂದೂವರೆ ಮೀಟರು ಅಗಲ. ಬೆಲೆ ಎರಡೂಕಾಲು ಲಕ್ಷ ರೂಪಾಯಿಯ ಆಸುಪಾಸು. ಜನ ಇದಕ್ಕೆ ಹಿಂದಿಯಲ್ಲಿ ‘ಛೋಟಾ ಹಾಥಿ’, ಅಂದರೆ ‘ಚಿಕ್ಕ ಆನೆ’ ಎಂದು ಹೆಸರಿಟ್ಟರು. ಇದು ಒಳ್ಳೆಯ ಅನ್ವರ್ಥನಾಮ. ಅದೇ 2005ರಲ್ಲಿ ಬಜಾಜ್ ಟೆಂಪೋ ಕಂಪನಿ ತನ್ನ ಹೆಸರನ್ನು ಫೋರ್ಸ್ ಮೋಟಾರ್ಸ್ ಎಂದು ಬದಲಾಯಿಸಿಕೊಂಡಿತು. ಏಸ್ ಬಂಡಿಗಳ ಮಾರಾಟ 2012ರ ಹೊತ್ತಿಗೆ 10 ಲಕ್ಷವನ್ನೂ, 2017ರ ಹೊತ್ತಿಗೆ 20 ಲಕ್ಷವನ್ನೂ ಮುಟ್ಟಿತು. ಅದುವರೆಗೆ ಇನ್ನೊಬ್ಬರ ಲಾರಿಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ಎಷ್ಟೋ ಚಾಲಕರು ಸಾಲ ಮಾಡಿ ಒಂದು ಬಂಡಿಯ ಒಡೆಯರಾದುದು ಇದರಿಂದ. ಈ ಬಂಡಿಯ ಮುಖ್ಯ ಗುಣ ಇದೇ ಎಂದು ನನ್ನ ಎಣಿಕೆ.

ಆದರೆ ಅನಂತರ ಕಾಲ ಬದಲಾಯಿತು. ವಾಹನದ ಹೊಗೆಯನ್ನು ಹತೋಟಿಗೆ ತರುವ ಭಾರತ್ ಸ್ಟೇಜ್ 6 ಎಂಬ ನಿಯಮ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ನಿಯಮ ಒಳ್ಳೆಯದೇ, ನಮ್ಮ ಮಕ್ಕಳು ಉಸಿರಾಡುವ ಗಾಳಿಯ ಪ್ರಶ್ನೆ ಅದು. ಆದರೆ ಹೊಗೆ ಶುದ್ಧಿಮಾಡುವ ಸಲಕರಣೆಯ ಖರ್ಚು ಎಂಜಿನು ಅರ್ಧವಾಯಿತೆಂದು ಅರ್ಧವಾಗುವುದಿಲ್ಲ. ದೊಡ್ಡ ಬಂಡಿಯ ಬೆಲೆಯಲ್ಲಿ ಆ ಖರ್ಚು ಅಷ್ಟಾಗಿ ಕಾಣದು. ಸಣ್ಣ ಡೀಸೆಲ್ ಬಂಡಿಯ ಬೆಲೆಯಲ್ಲಿ ಎದ್ದು ಕಾಣುತ್ತದೆ. ಅದೇ ವರ್ಷ ಕೊರೊನಾ ಬಂದು ಸಣ್ಣ ವ್ಯಾಪಾರವೆಲ್ಲ ಕುಗ್ಗಿತು. ಮುಕ್ಕಾಲು ಟನ್ನಿನ ಬಂಡಿಗೆ ಒಂದೂವರೆ ಟನ್ ಹೇರಿ ಓಡಿಸುವ ಅಭ್ಯಾಸವಿದ್ದವರು, ‘ಹೇಗೂ ಹೇರುವುದೇ ಆದರೆ ದೊಡ್ಡದನ್ನೇ ಕೊಳ್ಳೋಣ’ ಎಂದು ಬೊಲೆರೊ ಮೊದಲಾದ ದೊಡ್ಡ ಪಿಕಪ್ಪುಗಳತ್ತ ತಿರುಗಿದರು. ಇತ್ತ ತೀರ ಹಗುರವಾದ ಹೊರೆಯನ್ನು ವಿದ್ಯುತ್ತಿನ ಮೂರು ಚಕ್ರದ ಬಂಡಿಗಳು ಎತ್ತಿಕೊಂಡುವು. ಹೀಗೆ ಮೇಲಿನಿಂದಲೂ ಕೆಳಗಿನಿಂದಲೂ ಒತ್ತು ಬಿದ್ದು ನಡುವಣ ಪುಟ್ಟ ಬಂಡಿಯ ಪಾಲು ಇಳಿಯುತ್ತ ಬಂದಿತು.

‘ಜನಕ್ಕೆ ಬೇಡವಾಯಿತು, ಹೋಯಿತು’ ಎಂದು ಇದನ್ನು ಒಂದೇ ಮಾತಿನಲ್ಲಿ ಮುಗಿಸುವವರುಂಟು. ಅಷ್ಟು ಸುಲಭವಲ್ಲ. ಇದೇ ಕಥೆ ನಮಗಿಂತ ಮೊದಲು ಅಮೆರಿಕ ದೇಶದಲ್ಲಿ ನಡೆದು ಹೋಗಿದೆ. ಅದನ್ನು ಸ್ವಲ್ಪ ಪರಾಮರ್ಶಿಸೋಣ.

1962ರಲ್ಲಿ ಯುರೋಪಿನ ಸಾಮಾನ್ಯ ಮಾರುಕಟ್ಟೆಯ ರಾಷ್ಟ್ರಗಳು ಅಮೆರಿಕದಿಂದ ಬರುವ ಕೋಳಿಮಾಂಸದ ಮೇಲೆ ಸುಂಕ ಏರಿಸಿದುವು. ಅದಕ್ಕೆ ಪ್ರತಿಯಾಗಿ ಅಧ್ಯಕ್ಷ ಜಾನ್ಸನರ ಸರಕಾರ ಆಲೂಗಡ್ಡೆಯ ಗಂಜಿ, ಬ್ರಾಂದಿ ಮೊದಲಾದ ಕೆಲವು ಸರಕುಗಳ ಮೇಲೆಯೂ ಹೊರಗಿನಿಂದ ಬರುವ ಸಣ್ಣ ಲಾರಿಗಳ ಮೇಲೆಯೂ ಶೇಕಡಾ 25ರ ಸುಂಕ ಹೇರಿತು. ಅದು ಜಾರಿಗೆ ಬಂದುದು 1964ರ ಜನವರಿಯಲ್ಲಿ. ಕೋಳಿಯ ಜಗಳ ಮುಗಿಯಿತು, ಉಳಿದ ಸರಕುಗಳ ಸುಂಕವೂ ಇಳಿಯಿತು. ಲಾರಿಯ ಸುಂಕ ಮಾತ್ರ ನಿಂತುಬಿಟ್ಟಿತು. ಇಂದಿಗೂ ಅದನ್ನು ‘ಕೋಳಿ ಸುಂಕ’ ಎಂದೇ ಕರೆಯುತ್ತಾರೆ. ಜಪಾನಿನ ಕಂಪನಿಗಳು ಹಿಂದಿನ ತೊಟ್ಟಿಯನ್ನು ಬಿಡಿಸಿ ಬಂಡಿಯನ್ನು ತಂದು, ಅಮೆರಿಕದ ನೆಲದಲ್ಲಿ ತೊಟ್ಟಿ ಜೋಡಿಸಿ ಸುಂಕ ತಪ್ಪಿಸಿಕೊಂಡುವು. 1980ರಲ್ಲಿ ಆ ಕಿಂಡಿಯೂ ಮುಚ್ಚಿತು. ಮುಂದೆ ಅಲ್ಲಿಯ ಕಂಪನಿಗಳೇ ಸಣ್ಣ ಪಿಕಪ್ಪುಗಳನ್ನು ಮಾಡಿದುವು. ಆದರೆ ದೊಡ್ಡ ಲಾರಿಯಲ್ಲಿ ಲಾಭ ಹೆಚ್ಚು. ಇಂಧನ ಮಿತವ್ಯಯದ ಹೊಸ ನಿಯಮ ಬಂದಾಗ ಬಂಡಿಯ ನಾಲ್ಕು ಚಕ್ರಗಳ ನಡುವಣ ಕ್ಷೇತ್ರಫಲ ಹೆಚ್ಚಿದಷ್ಟೂ ಗುರಿ ಸಡಿಲವಾಯಿತು. ಚಿಕ್ಕದಾಗಿರುವುದೇ ದಂಡಕ್ಕೆ ಕಾರಣವೆಂಬಂತಾಯಿತು. ಕೊನೆಗೆ 2011ರ ಡಿಸೆಂಬರಿನಲ್ಲಿ ಮಿನೆಸೋಟ ಸಂಸ್ಥಾನದ ಸೇಂಟ್ ಪಾಲ್ ಕಾರ್ಖಾನೆಯಲ್ಲಿ ಫೋರ್ಡ್ ಕಂಪನಿ ತನ್ನ ಚಿಕ್ಕ ‘ರೇಂಜರ್’ ಪಿಕಪ್ಪಿನ ತಯಾರಿಯನ್ನು ನಿಲ್ಲಿಸಿತು.

ಅಲ್ಲಿಯ ಜನಕ್ಕೆ ಸಣ್ಣ ಬಂಡಿ ನಿಜವಾಗಿ ಬೇಡವಾಗಿತ್ತೇ? ಹತ್ತು ವರ್ಷ ಕಳೆದು 2021ರಲ್ಲಿ ಅದೇ ಫೋರ್ಡ್ ‘ಮಾವೆರಿಕ್’ ಎಂಬ ಪಿಕಪ್ಪನ್ನು ತಂದಿತು. ಅಲ್ಲಿಯ ಹೆಚ್ಚಿನ ಪಿಕಪ್ಪುಗಳ ಮುಂದೆ ಅದು ಚಿಕ್ಕದು. ಕೊಳ್ಳುವವರು ಎಷ್ಟು ನುಗ್ಗಿದರೆಂದರೆ 2022ರ ಆರಂಭದಲ್ಲಿ ಕಂಪನಿ ಕೆಲಕಾಲ ಹೊಸ ಬೇಡಿಕೆಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು. ಅಮೆರಿಕದ ಕೆಲವರು ಜಪಾನಿನಿಂದ ಇಪ್ಪತ್ತೈದು ವರ್ಷದ ಹಳೆಯ ಪುಟ್ಟ ಲಾರಿಗಳನ್ನು ತರಿಸಿಕೊಳ್ಳುತ್ತಾರೆ. ಅಷ್ಟು ಹಳೆಯದಾದರೆ ಅಲ್ಲಿಯ ಸುರಕ್ಷಾ ನಿಯಮ ಅಡ್ಡಬರುವುದಿಲ್ಲ. ಹೊಸದು ದೊರೆಯದ ಕಾರಣ ಹಳೆಯದನ್ನು ಸಮುದ್ರ ದಾಟಿಸುವ ಜನಕ್ಕೆ ಆಸೆ ಇಲ್ಲವೆಂದು ಹೇಳಲಾದೀತೇ?

ಆ ಜಪಾನಿನ ವ್ಯವಸ್ಥೆಯನ್ನು ನೋಡಿ. ಅಲ್ಲಿ ಉದ್ದ 3.4 ಮೀಟರು, ಅಗಲ 1.48 ಮೀಟರು, ಎಂಜಿನು 660 ಸಿ.ಸಿ. ಮೀರದ ವಾಹನಗಳಿಗೆ ಕಾನೂನೇ ಒಂದು ಪ್ರತ್ಯೇಕ ವರ್ಗವನ್ನು ಮಾಡಿ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿದೆ. ರೈತನೂ ಮೀನುಗಾರನೂ ಅಂಗಡಿಯವನೂ ಅದನ್ನೇ ಬಳಸುತ್ತಾರೆ. ಒಂದು ದೇಶದ ಕಾನೂನು ಸಣ್ಣ ಬಂಡಿಯನ್ನು ಅಳಿಸಿತು. ಇನ್ನೊಂದು ದೇಶದ ಕಾನೂನು ಅದನ್ನು ಉಳಿಸಿತು. ಎರಡು ಕಡೆಯೂ ಹೊರೆ ಸಾಗಿಸುವವನ ಅಗತ್ಯ ಒಂದೇ ಆಗಿತ್ತು. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಸಣ್ಣ ಬಂಡಿಯ ಹಣೆಬರಹ ಅದನ್ನು ಓಡಿಸುವ ರಸ್ತೆಯಲ್ಲಿ ಬರೆದುದಲ್ಲ. ಸುಂಕ, ತೆರಿಗೆ, ನಿಯಮ, ಲಾಭ ಇವುಗಳ ಲೆಕ್ಕದಲ್ಲಿ ಬೇರೆಲ್ಲೋ ಬರೆದುದು.

ನಮ್ಮ ದೇಶದಲ್ಲಿ ಬಾಗಿಲು ಇನ್ನೂ ಮುಚ್ಚಿಲ್ಲ. 2025ರ ಜೂನಿನಲ್ಲಿ ಟಾಟಾ ಕಂಪನಿ ‘ಏಸ್ ಪ್ರೊ’ ಎಂಬ ಮುಕ್ಕಾಲು ಟನ್ನಿನ ಬಂಡಿಯನ್ನು 3.99 ಲಕ್ಷ ರೂಪಾಯಿಯ ಆರಂಭದ ಬೆಲೆಗೆ ಬಿಡುಗಡೆ ಮಾಡಿತು. ಪೆಟ್ರೋಲಿನದೂ ಉಂಟು, ವಿದ್ಯುತ್ತಿನದೂ ಉಂಟು. ದೊಡ್ಡ ಪಿಕಪ್ಪು ಕೊಳ್ಳಬೇಕಾದರೆ ಅದರ ಎರಡರಷ್ಟಕ್ಕೂ ಹೆಚ್ಚು ಹಣ ಬೇಕು. ಈ ಅಂತರದಲ್ಲಿ ಇರುವುದು ಒಬ್ಬ ಚಾಲಕನ ಸ್ವಾತಂತ್ರ್ಯ. ಸಣ್ಣ ಸಾಲದವನು ಎರಡು ದಿನ ಬಾಡಿಗೆ ಇಲ್ಲದಿದ್ದರೂ ತಾಳಿಯಾನು. ದೊಡ್ಡ ಸಾಲದವನು ಕಂತಿಗೆ ಹೆದರಿ ರಾತ್ರಿಯೆಲ್ಲ ನಿದ್ದೆಗೆಟ್ಟು ಘಾಟಿ ಇಳಿಯುತ್ತಾನೆ, ಇಲ್ಲವೇ ಬಂಡಿ ಮಾರಿ ಮತ್ತೆ ಇನ್ನೊಬ್ಬರ ಕೈಕೆಳಗೆ ನಿಲ್ಲುತ್ತಾನೆ. ಅತ್ತ ನಾಲ್ಕು ಚೀಲ ಅಕ್ಕಿ ತರಿಸುವ ಅಂಗಡಿಯವನು ಅರ್ಧ ಖಾಲಿ ದೊಡ್ಡ ಬಂಡಿಗೆ ಪೂರ್ತಿ ಬಾಡಿಗೆ ತೆರಬೇಕಾಗುತ್ತದೆ. ಆ ಹಣ ಕೊನೆಗೆ ಬೀಳುವುದು ನಮ್ಮ ನಿಮ್ಮ ಸಾಮಾನಿನ ಬೆಲೆಯ ಮೇಲೆ.

ಆದುದರಿಂದ ನಾವು ಮಾಡಬಹುದಾದುದು ಕೆಲವುಂಟು. ಪೇಟೆಯ ಬೀದಿಗಳಲ್ಲಿ ಸಣ್ಣ ಬಂಡಿ ನಿಂತು ಸಾಮಾನು ಇಳಿಸಲು ಹತ್ತು ಅಡಿ ಜಾಗವನ್ನು ಬೇರೆ ಗುರುತಿಸುವಂತೆ ನಗರದ ಅಧಿಕಾರಿಗಳನ್ನು ಕೇಳಬಹುದು. ತೆರಿಗೆ ಹಾಗೂ ಸಾಲದ ಬಡ್ಡಿಯಲ್ಲಿ ಒಂದು ಬಂಡಿಯ ಒಡೆಯನಿಗೆ ಅನುಕೂಲವಿರಲೆಂದು ನಮ್ಮ ಪ್ರತಿನಿಧಿಗಳಿಗೆ ಬರೆಯಬಹುದು. ಇದಾವುದೂ ಆಗದಿದ್ದರೂ, ಮುಕ್ಕಾಲು ಟನ್ನಿನ ಬಂಡಿಗೆ ಒಂದೂವರೆ ಟನ್ ಹೇರಿಸಿ ‘ಒಂದೇ ಬಾಡಿಗೆಯಲ್ಲಿ ಮುಗಿಸು’ ಎಂದು ಹಟ ಹಿಡಿಯದಿರುವುದು ನಮ್ಮ ಕೈಯಲ್ಲಿಯೇ ಇದೆ. ಮುಂದೆ ಮನೆಗೆ ಟೆಂಪೋ ಹೇಳುವಾಗ ಇದಿಷ್ಟು ನೆನಪಾದರೆ ಸಾಕು.