ರಾತ್ರಿ ಹೊತ್ತು ಕಾಲು ಹಿಡಿದುಕೊಂಡರೆ
(ನಾಟಿಯ ಕಾಲದ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ಮಾತಿಗೆ ನಿಂತರೆ ಬಿತ್ತನೆ ಬೀಜ, ಗೊಬ್ಬರ, ಕೀಟ, ಇಷ್ಟೇ ಎಂದು ನೀವು ತಿಳಿದಿರುತ್ತೀರಿ. ಅದು ಸರಿಯೇ. ನಾನು ಓದಿದ್ದು ವ್ಯವಸಾಯದ ಡಿಪ್ಲೊಮಾ, ನಾನು ವೈದ್ಯನಲ್ಲ. ಆದರೂ ಈ ದಿನ ಕಾಲಿನ ವಿಚಾರವನ್ನು ಎತ್ತಿಕೊಂಡಿದ್ದೇನೆ. ನಾಟಿ ಶುರುವಾಯಿತೆಂದರೆ ಬೆಳಗ್ಗೆ ಯಾರ ಜಗುಲಿಯ ಮೇಲೆ ಕುಳಿತರೂ ಒಂದೇ ಮಾತು ಕೇಳುತ್ತೇನೆ: "ರಾತ್ರಿಯೆಲ್ಲ ಮೀನಖಂಡ ಹಿಡ್ಕೊಂಡು ನಿದ್ದೆಯೇ ಇಲ್ಲ ಕಣಪ್ಪ." ಉಳುವ ಎತ್ತು ಕುಂಟಿದರೆ ಅಂದೇ ಅದರ ಗೊರಸು ಎತ್ತಿ ನೋಡುತ್ತೇವೆ. ಉಳುವವನ ಕಾಲನ್ನು ಮಾತ್ರ ಯಾರೂ ನೋಡುವುದಿಲ್ಲ.

ಮೊದಲು ಇದೇನೆಂದು ತಿಳಿಯೋಣ. ನರ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದು ನಾವು ಹೇಳುವುದುಂಟು. ನಿಜವಾಗಿ ಬಿಗಿದುಕೊಳ್ಳುವುದು ಮೊಣಕಾಲಿನ ಹಿಂದೆ ಕೆಳಗಿರುವ ಮೀನಖಂಡದ ಮಾಂಸ. ಮಳೆಯಲ್ಲಿ ನೆನೆದ ಸೆಣಬಿನ ಹಗ್ಗ ಕುಗ್ಗಿ ಬಿರುಸಾಗುವುದಿಲ್ಲವೇ, ಹಾಗೆ ಆ ಮಾಂಸ ತಾನೇ ತಾನಾಗಿ ಕುಗ್ಗಿ ಕಲ್ಲಿನಂತಾಗುತ್ತದೆ. ಮಲಗಿದಾಗ ನಮ್ಮ ಪಾದ ಕೆಳಮುಖವಾಗಿ ಚಾಚಿಕೊಂಡಿರುತ್ತದೆ. ಆಗ ಮೀನಖಂಡ ಮೊದಲೇ ಗಿಡ್ಡವಾಗಿರುತ್ತದೆ. ಇನ್ನಷ್ಟು ಕುಗ್ಗಿದರೆ ಹಿಡಿದೇ ಬಿಡುತ್ತದೆ. ಐವತ್ತು ದಾಟಿದವರಿಗೂ, ದಿನ ತುಂಬುತ್ತಿರುವ ಬಸುರಿಯರಿಗೂ, ಅಭ್ಯಾಸವಿಲ್ಲದ ಕೆಲಸವನ್ನು ಇಡೀ ದಿನ ಮಾಡಿದವರಿಗೂ ಇದು ಹೆಚ್ಚು.

ಹಿಡಿದ ಕೂಡಲೇ ಮಾಡಬೇಕಾದುದು ಒಂದೇ. ಕುಗ್ಗಿದ್ದನ್ನು ಮೆಲ್ಲಗೆ ಉದ್ದ ಮಾಡಬೇಕು. ಎದ್ದು ಕುಳಿತು ಮೊಣಕಾಲನ್ನು ನೇರವಾಗಿ ಚಾಚಿರಿ. ಹೆಗಲ ಮೇಲಿನ ಟವೆಲನ್ನು ಬೆರಳುಗಳ ಬುಡದಲ್ಲಿ ಪಾದಕ್ಕೆ ಸುತ್ತಿ, ಎರಡು ತುದಿಯನ್ನೂ ಹಿಡಿದು, ಪಾದವನ್ನು ನಿಮ್ಮ ಮುಖದ ಕಡೆಗೆ ಎಳೆಯಿರಿ. ಜಗ್ಗಬಾರದು, ಕರುವನ್ನು ಹಗ್ಗ ಹಿಡಿದು ಕರೆತರುವ ಹಾಗೆ ನಿಧಾನವಾಗಿ ಎಳೆದು ಬಿಗಿ ಬಿಡುವ ತನಕ ಹಿಡಿದಿರಬೇಕು. ಟವೆಲು ಸಿಕ್ಕದಿದ್ದರೆ ಗೋಡೆ ಹಿಡಿದು ಎದ್ದು ನಿಂತು, ಹಿಮ್ಮಡಿಯನ್ನು ನೆಲಕ್ಕೆ ಊರಿ, ಆ ಕಾಲಿನ ಮೇಲೆ ಭಾರ ಬಿಡಿರಿ. ಬಿಗಿ ಸಡಿಲಿದ ಮೇಲೆ ಕೈಯಿಂದ ಹಗುರಾಗಿ ನೀವಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಟ್ಟರೆ ಹಿತವಾಗುತ್ತದೆ. ಹಿಡಿತ ಸಾಮಾನ್ಯವಾಗಿ ಕೆಲವೇ ನಿಮಿಷದ್ದು. ಮರುದಿನವೂ ಸ್ವಲ್ಪ ನೋವು ಉಳಿಯಬಹುದು, ಅದಕ್ಕೆ ಹೆದರಬೇಕಾಗಿಲ್ಲ.

ಕೆಲವರು ಹೆಬ್ಬೆರಳನ್ನು ಹಿಡಿದು ಲಟಕ್ಕನೆ ಎಳೆಯುತ್ತಾರೆ. ಕೆಲವರು ಮೀನಖಂಡಕ್ಕೆ ಗುದ್ದುತ್ತಾರೆ, ಬಿಗಿಯಾಗಿ ಹುರಿ ಕಟ್ಟುತ್ತಾರೆ. ಇವು ಬೇಡ. ಅಂಗಡಿಯವನು ಕೊಟ್ಟ ಮಾತ್ರೆಯೂ ಬೇಡ. ಮಲೇರಿಯಕ್ಕೆ ಕೊಡುವ ಕ್ವಿನೈನನ್ನು ಹಿಂದೆ ಇದಕ್ಕೂ ಕೊಡುತ್ತಿದ್ದರು. ಅದರಿಂದ ರಕ್ತಕ್ಕೂ ಹೃದಯದ ಬಡಿತಕ್ಕೂ ಪ್ರಾಣಾಪಾಯದಂಥ ತೊಂದರೆಗಳು ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯವರು 2006ರಲ್ಲಿ ಎಚ್ಚರಿಸಿದರು. ಕಾಲು ಹಿಡಿತಕ್ಕೆ ಅಷ್ಟು ದೊಡ್ಡ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ಇಲಿಯ ಮೇಲಿನ ಕೋಪಕ್ಕೆ ಮನೆಗೆ ಬೆಂಕಿ ಇಟ್ಟಂತೆ.

ಇನ್ನು ಬಾರದಂತೆ ತಡೆಯುವ ಬಗೆ. ಇದಕ್ಕೆ ಕಾಸು ಖರ್ಚಿಲ್ಲ. ಮಲಗುವ ಮುಂಚೆ ಗೋಡೆಯಿಂದ ಎರಡು ಎರಡೂವರೆ ಅಡಿ ದೂರ ನಿಂತು, ಅಂಗೈಗಳನ್ನು ಗೋಡೆಗೆ ಊರಿ, ಮೊಣಕಾಲು ಬಾಗಿಸದೆ, ಹಿಮ್ಮಡಿ ಎತ್ತದೆ, ಮೈಯನ್ನು ಮುಂದಕ್ಕೆ ವಾಲಿಸಿರಿ. ಮೀನಖಂಡದಲ್ಲಿ ಎಳೆತ ತಿಳಿಯುತ್ತದೆ. ಹತ್ತು ಎಣಿಸುವ ತನಕ ಹಾಗೇ ಇದ್ದು, ಹಿಂದಕ್ಕೆ ಬಂದು, ಮತ್ತೆರಡು ಸಲ ಮಾಡಿರಿ. ನಂತರ ಹಾಸಿಗೆಯ ಮೇಲೆ ಕಾಲು ಚಾಚಿ ಕುಳಿತು, ಮುಂದೆ ಬಾಗಿ, ತೊಡೆಯ ಹಿಂಭಾಗವನ್ನೂ ಹಾಗೆಯೇ ಎಳೆಯಿರಿ. 2012ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್ ದೇಶದ ಒಂದು ಪ್ರಯೋಗದಲ್ಲಿ, ಕಾಲು ಹಿಡಿತದಿಂದ ನರಳುತ್ತಿದ್ದ, 55 ವರ್ಷ ಮೀರಿದ 80 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಆರು ವಾರ ಪ್ರತಿ ರಾತ್ರಿ ಮೀನಖಂಡವನ್ನೂ ತೊಡೆಯ ಹಿಂಭಾಗವನ್ನೂ ಎಳೆದು ಮಲಗಿದರು. ಅವರಿಗೆ ಹಿಡಿಯುವುದೂ ಕಡಿಮೆಯಾಯಿತು, ನೋವೂ ಕಡಿಮೆಯಾಯಿತು. ನಾವು ಹೊಲದಲ್ಲಿ ಒಂದು ತಾಕಿಗೆ ಹೊಸ ಗೊಬ್ಬರ ಹಾಕಿ, ಪಕ್ಕದ ತಾಕನ್ನು ಹಾಗೇ ಬಿಟ್ಟು ಹೋಲಿಸಿ ನೋಡುವುದಿಲ್ಲವೇ? ಇದೂ ಅದೇ ರೀತಿ.

ಹಗಲಿನ ಕೆಲಸದಲ್ಲೂ ಎಚ್ಚರ ಬೇಕು. ಕುಕ್ಕುರುಗಾಲಿನಲ್ಲಿ ಕೂತು ಕಳೆ ಕೀಳುವವರೂ, ಕೆಸರಿನಲ್ಲಿ ಬಗ್ಗಿ ನಾಟಿ ಹಾಕುವವರೂ ಆಗಾಗ ಎದ್ದು ನಿಂತು ಕಾಲು ಚಾಚಿಕೊಳ್ಳಬೇಕು. ಬೆವರಿನ ಜೊತೆಗೆ ಮೈಯ ಉಪ್ಪೂ ಹೋಗುತ್ತದೆ. ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಬಿಸಿಯಲ್ಲಿ ಬೆವರು ಸುರಿಸಿ ದುಡಿಯುವವರಿಗೆ ಮೈಮಾಂಸ ಹಿಡಿಯುವುದನ್ನೂ, ಕುಡಿಯುವ ನೀರಿಗೆ ಸ್ವಲ್ಪ ಉಪ್ಪು ಬೆರೆಸಿದರೆ ಅದು ತಗ್ಗುವುದನ್ನೂ 1923ರಲ್ಲೇ ಬರೆದಿಟ್ಟಿದ್ದಾರೆ. ನಮ್ಮ ಹಿರಿಯರು ಹೊಲಕ್ಕೆ ಕೊಂಡೊಯ್ಯುತ್ತಿದ್ದ ಉಪ್ಪು ಹಾಕಿದ ನೀರುಮಜ್ಜಿಗೆಯೂ ಗಂಜಿಯೂ ಅದೇ ಕೆಲಸ ಮಾಡುತ್ತವೆ. ಆದರೆ ರಕ್ತದ ಒತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಉಪ್ಪು ಹೆಚ್ಚಿಸಬಾರದು. ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರಿಗೆ ಕಾಲು ಹಿಡಿಯುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು. ತಾವಾಗಿ ಮಾತ್ರೆ ನಿಲ್ಲಿಸಬಾರದು.

ಬಂಧುಗಳೇ, ಇಷ್ಟೇ ಆಗಿದ್ದರೆ ಒಂದು ಕರಪತ್ರದಲ್ಲಿ ಮುಗಿಯುತ್ತಿತ್ತು. ನಾನು ಈ ಮಾತಿಗೆ ನಿಂತ ಕಾರಣವೇ ಬೇರೆ. ಎರಡು ವರ್ಷದ ಕೆಳಗೆ ನನ್ನ ಅವ್ವನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ, ಮನೆಗೆ ಬಂದ ಮೇಲೂ ಹಾಸಿಗೆಯಲ್ಲೇ ಇದ್ದಳು. ಒಂದು ರಾತ್ರಿ, "ಮಗಾ, ಎಡಗಾಲು ಹಿಡ್ಕೊಂಡದೆ" ಎಂದಳು. ನಾನು ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದೆ. ಮರುದಿನವೂ ನೋವು ಹೋಗಲಿಲ್ಲ, ಮತ್ತೆ ತಿಕ್ಕಿದೆ. ಮೂರು ರಾತ್ರಿ ತಿಕ್ಕಿದೆ. ನಾಲ್ಕನೆಯ ದಿನ ಊರಿನ ಆಶಾ ಕಾರ್ಯಕರ್ತೆ ಅವ್ವನನ್ನು ನೋಡಲು ಬಂದವರು ಎರಡು ಕಾಲನ್ನೂ ಒಟ್ಟಿಗೆ ನೋಡಿದರು. ಒಂದು ದಾರ ತರಿಸಿ ಎರಡೂ ಮೀನಖಂಡವನ್ನು ಅಳೆದರು. ಎಡಗಾಲು ಬಲಗಾಲಿಗಿಂತ ಎರಡು ಬೆರಳು ದಪ್ಪವಿತ್ತು, ಮುಟ್ಟಿದರೆ ಬಿಸಿಯಿತ್ತು. "ಅಣ್ಣ, ಇನ್ನು ತಿಕ್ಕಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ" ಎಂದರು. ಅದು ಹಿಡಿತವಾಗಿರಲಿಲ್ಲ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ ಎಂದು ವೈದ್ಯರು ಹೇಳಿದಾಗ ನನ್ನ ಕೈಗಳನ್ನು ನಾನೇ ನೋಡಿಕೊಂಡೆ. ಅವ್ವ ತಿಂಗಳುಗಟ್ಟಲೆ ಔಷಧ ತೆಗೆದುಕೊಂಡು ಗುಣವಾದಳು. ಬೆಳೆಯ ರೋಗವನ್ನು ಎಲೆ ನೋಡಿ ಗುರುತಿಸುವ ನಾನು, ಹೆತ್ತವಳ ಎರಡು ಕಾಲನ್ನು ಹೋಲಿಸಿ ನೋಡಿರಲಿಲ್ಲ.

ಆದುದರಿಂದ ಹಿಡಿತವಲ್ಲದ್ದನ್ನು ಗುರುತಿಸುವುದನ್ನು ಎಲ್ಲರೂ ಕಲಿಯಬೇಕು. ಹಿಡಿತ ನಿಮಿಷಗಳಲ್ಲಿ ಬಿಡುತ್ತದೆ. ಒಂದೇ ಕಾಲು ಊದಿ, ಬಿಸಿಯಾಗಿ, ಕೆಂಪಾಗಿ, ನೋವು ಬಿಡದೆ ಇದ್ದರೆ ತಿಕ್ಕದೆ ಅಂದೇ ಆಸ್ಪತ್ರೆಗೆ ಹೋಗಿರಿ. ಜೊತೆಗೆ ಎದೆನೋವು, ಏದುಸಿರು ಬಂದರೆ 108ಕ್ಕೆ ಕರೆ ಮಾಡಿರಿ. ನಡೆದಾಗ ಮೀನಖಂಡ ನೋಯುತ್ತ, ನಿಂತರೆ ಬಿಡುವ ನೋವು ಬೀಡಿ ಸೇದುವವರಲ್ಲೂ ಸಕ್ಕರೆ ಕಾಯಿಲೆಯವರಲ್ಲೂ ಕಾಣುತ್ತದೆ. ಅದು ಕಾಲಿಗೆ ರಕ್ತ ಸಾಲದೆಂಬುದರ ಗುರುತಾಗಿರಬಹುದು. ವಾಂತಿ ಭೇದಿಯ ಜೊತೆಗೆ ಕಾಲು ಹಿಡಿದರೆ ಮೈಯ ನೀರೂ ಉಪ್ಪೂ ಬತ್ತುತ್ತಿದೆ ಎಂದು ತಿಳಿದು, ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕೀಟನಾಶಕ ಸಿಂಪಡಿಸಿದ ದಿನ ಮೈಮಾಂಸ ಅದುರಿ, ಜೊಲ್ಲು, ಬೆವರು, ವಾಂತಿ, ಕಣ್ಣು ಮಂಜಾಗುವುದು ಕಂಡರೆ ಅದು ವಿಷ ತಗುಲಿದ ಲಕ್ಷಣ. ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಮೈ ತೊಳೆದು, ಔಷಧದ ಡಬ್ಬಿಯ ಸಮೇತ ಆಸ್ಪತ್ರೆಗೆ ಒಯ್ಯಿರಿ.

ಈ ರಾತ್ರಿ ಮಲಗುವ ಮುಂಚೆ ಮನೆಯವರೆಲ್ಲ ಗೋಡೆಯ ಮುಂದೆ ನಿಂತು ಹತ್ತು ಎಣಿಸಿರಿ. ಮಕ್ಕಳು ನಕ್ಕರೆ ನಗಲಿ. ಅವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿರಿ. ಮನೆಯ ಹಿರಿಯರು ಕಾಲು ನೋವೆಂದರೆ ಎಣ್ಣೆಯ ಬಟ್ಟಲು ಹುಡುಕುವ ಮೊದಲು ದೀಪ ಹಾಕಿ ಎರಡು ಕಾಲನ್ನೂ ಒಟ್ಟಿಗೆ ನೋಡಿರಿ. ಒಂದು ತುಂಡು ದಾರ ಬೇಕಾದರೆ ಅದು ಪ್ರತಿಯೊಂದು ಮನೆಯಲ್ಲೂ ಇದೆ.

ಮುಂದಿನ ಕೂಟದಲ್ಲಿ ಭತ್ತದ ಬೆಂಕಿರೋಗದ ವಿಚಾರ ಮಾತನಾಡೋಣ.